ನಾನು ಇಟ್ಟುಕೊಳ್ಳದ ಗೋಧಿ ಸಸಿ

ನನ್ನ ತರಗತಿಯ ಕರಿಹಲಗೆಯ ಎಡ ಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಸೀಮೆಸುಣ್ಣದಲ್ಲಿ ನಾನೇ ಗೆರೆ ಎಳೆದು ಮೇಲೆ ‘ತಾಂಡಾ ಭಾಷೆ’ ಎಂದು ಬರೆಯುತ್ತಿದ್ದೆ. ಪಾಠದ ನಡುವೆ ಯಾವ ಮಗುವಾದರೂ ಲಂಬಾಣಿಗರ ಮಾತಾದ ಗೋರ್ ಬೋಲಿಯಲ್ಲಿ ಒಂದು ಮಾತಾಡಿದರೆ ಮಾನಿಟರ್ ಎದ್ದು ಬಂದು ಅದರ ಹೆಸರನ್ನು ಚೌಕದೊಳಗೆ ಬರೆಯಬೇಕು. ಸಂಜೆ ಗಂಟೆ ಹೊಡೆದ ಮೇಲೆ ಉಳಿದವರೆಲ್ಲ ಪಾಟಿಚೀಲ ಏರಿಸಿಕೊಂಡು ಮನೆಗೆ ಓಡುತ್ತಿದ್ದರು. ಚೌಕದಲ್ಲಿ ಹೆಸರಿದ್ದವರು ಕಸಬರಿಗೆ ಹಿಡಿದು ಅಂಗಳ ಗುಡಿಸಿ ಹೋಗಬೇಕು. 1992ರಲ್ಲಿ ಆ ಶಾಲೆಗೆ ಸೇರಿದವಳು 2003ರ ನವೆಂಬರ್ ಒಂದನೇ ತಾರೀಖಿನವರೆಗೆ, ಹನ್ನೊಂದು ವರ್ಷ, ಇದನ್ನು ನಡೆಸಿದೆ. ಯಾವ ಸುತ್ತೋಲೆಯೂ ಹೀಗೆ ಮಾಡೆಂದು ಹೇಳಿರಲಿಲ್ಲ, ಯಾವ ಮೇಲಧಿಕಾರಿಯೂ ಒತ್ತಾಯಿಸಿರಲಿಲ್ಲ. ನಾನೇ ಯೋಚಿಸಿ, ಮಕ್ಕಳ ಒಳ್ಳೆಯದಕ್ಕೆಂದೇ ನಂಬಿ ಮಾಡಿದ್ದು. ಶರಣರ ಕಾಯಕದ ಪಾಠ ಮಾಡಿದ ದಿನಗಳಲ್ಲೂ ಗುಡಿಸುವ ಕೆಲಸವನ್ನು ಶಿಕ್ಷೆಯಾಗಿ ಕೊಟ್ಟೆ. ಎರಡಕ್ಕೂ ಸಂಬಂಧ ಇದೆಯೆಂದು ಒಮ್ಮೆಯೂ ಹೊಳೆಯಲಿಲ್ಲ.

ಕೊಹಿನೂರ ನನ್ನ ತವರು. ಊರಿನ ಹೆಸರು ಕೇಳಿದ ಹೊರಗಿನವರಿಗೆ ವಜ್ರ ನೆನಪಾಗುತ್ತದೆ. ನಮಗೆ ಅದು ಹೆಸರು, ಉದ್ದು, ತೊಗರಿ, ಬಿಳಿಜೋಳದ ಊರು. ಒಂದು ಕಡೆ ಬಸವಕಲ್ಯಾಣ, ಇನ್ನೊಂದು ಕಡೆ ಹುಮನಾಬಾದ. ಸಂತೆ, ದವಾಖಾನೆ, ಮದುವೆ ಬಟ್ಟೆ ಎಲ್ಲಕ್ಕೂ ಈ ಎರಡರಲ್ಲಿ ಒಂದರ ದಾರಿ ಹಿಡಿಯುತ್ತೇವೆ. ನಾನು ಕಲಿಸುತ್ತಿದ್ದ ಸರಕಾರಿ ಶಾಲೆ ಈ ಸೀಮೆಯದೇ. ಅರ್ಧ ಮಕ್ಕಳು ಊರಿನವರು, ಅರ್ಧ ಮಕ್ಕಳು ಹೊಲಗಳಾಚೆಯ ಲಂಬಾಣಿ ತಾಂಡಾದವರು. ಕಲ್ಯಾಣದ ಮಣ್ಣಿನಲ್ಲಿ ಹುಟ್ಟಿದ ಕನ್ನಡ ಟೀಚರಿಗೆ ಇರುವ ಹೆಮ್ಮೆ ನನಗೂ ಇತ್ತು. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಕರೆದೊಯ್ದು ಕೋಟೆ, ತ್ರಿಪುರಾಂತ ಕೆರೆ, ಅಕ್ಕನಾಗಮ್ಮನ ಗವಿ ತೋರಿಸುತ್ತಿದ್ದೆ. ಹನ್ನೆರಡನೇ ಶತಮಾನದಲ್ಲಿ ಹಗ್ಗ ಹೊಸೆಯುವವರು, ಬಟ್ಟೆ ಒಗೆಯುವವರು, ದೋಣಿ ನಡೆಸುವವರು ಒಂದೇ ಕಡೆ ಕೂತು, ಪಂಡಿತರ ಸಂಸ್ಕೃತ ಬಿಟ್ಟು ತಮ್ಮ ಮನೆಮಾತಿನಲ್ಲಿ ದೊಡ್ಡ ವಿಚಾರ ಆಡಿದರು ಎಂದು ಅಲ್ಲಿ ನಿಂತು ಹೇಳುವಾಗ ನನ್ನ ದನಿ ತುಂಬಿ ಬರುತ್ತಿತ್ತು. ಮರುದಿನ ಶಾಲೆಗೆ ಬಂದು ಅದೇ ಮಕ್ಕಳ ಮನೆಮಾತಿಗೆ ಚೌಕ ಎಳೆಯುತ್ತಿದ್ದೆ.

ಪ್ರತಿ ರಾಜ್ಯೋತ್ಸವಕ್ಕೆ ನಾನು ಹೇಳುತ್ತಿದ್ದ ಕತೆ ಇನ್ನೊಂದು. ಬೀದರ ಸೀಮೆಯ ಯಾವ ಕನ್ನಡ ಟೀಚರೂ ಬಿಡದ ಕತೆ ಅದು. ನಿಜಾಮರ ಆಳಿಕೆಯಲ್ಲಿ ಉರ್ದುವಿನದೇ ದರಬಾರು ನಡೆದಾಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರಿಲ್ಲದಿದ್ದರೆ ಈ ಗಡಿಯಲ್ಲಿ ನಾವು ಹೀಗೆ ಕನ್ನಡ ಓದಿ ಬರೆದು ಕೂಡುತ್ತಿದ್ದೆವೋ ಇಲ್ಲವೋ. ಹೈದರಾಬಾದ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿದರು. ಉದಗೀರ, ನಿಲಂಗಾ ಮರಾಠಿಯ ಕಡೆ ಹೋದವು, ಜಹೀರಾಬಾದ, ನಾರಾಯಣಖೇಡ ತೆಲುಗಿನ ಕಡೆ ಹೋದವು, ನಾವು ಕನ್ನಡದ ಕಡೆ ಬಂದೆವು. ಇದನ್ನು ಹೇಳಿ ಮಕ್ಕಳಿಂದ ಚಪ್ಪಾಳೆ ಹೊಡೆಸುತ್ತಿದ್ದೆ. ಚಪ್ಪಾಳೆ ಹೊಡೆಯುವ ಕೈಗಳಲ್ಲಿ ಅರ್ಧ ತಾಂಡಾದವು.

ಲಂಬಾಣಿಗರು ತಮ್ಮನ್ನು ಗೋರ್ ಎಂದು ಕರೆದುಕೊಳ್ಳುತ್ತಾರೆ, ಉಳಿದ ನಾವೆಲ್ಲ ಅವರಿಗೆ ಕೋರ್. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನಿನ ಉದ್ದಗಲಕ್ಕೂ ಸಾಗಿಸಿದವರು. ರೈಲು ರಸ್ತೆ ಬಂದ ಮೇಲೆ ಆ ವ್ಯಾಪಾರ ಮುರಿಯಿತು, ಬ್ರಿಟಿಷರ ಕಾನೂನು ಅವರನ್ನು ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತು. ತಿರುಗಾಡುವ ತಾಂಡಾಗಳು ಗುಡ್ಡದ ಬದಿಯಲ್ಲಿ, ಊರಿನಿಂದ ದೂರದಲ್ಲಿ ನೆಲೆ ನಿಂತವು. ಇಷ್ಟನ್ನು ಪುಸ್ತಕ ಓದಿ ತಿಳಿದುಕೊಂಡದ್ದು ನನ್ನ ತಪ್ಪು ಗೊತ್ತಾದ ಮೇಲೆ. ಹನ್ನೊಂದು ವರ್ಷ ಪಾಠ ಮಾಡಿದರೂ, ಎದುರಿಗೆ ಕೂತ ಮಕ್ಕಳು ಎಲ್ಲಿಂದ ಬಂದವರೆಂದು ಕೇಳಿಕೊಳ್ಳಬೇಕು ಅನ್ನಿಸಿರಲಿಲ್ಲ.

ಹಾಜರಿ ಪುಸ್ತಕದ ಒಂದು ಮಾತು ಹೇಳಬೇಕು. ನಮ್ಮ ಕಡೆ ಎಳ್ಳಮಾಸಿ ದೊಡ್ಡ ಹಬ್ಬ. ಮಾರ್ಗಶಿರದ ಕೊನೆಗೆ ಬರುವ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ದಂಟಿನ ಗುಡಿಸಲು ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂಡಿಸಿ, ಪೂಜೆ ಮಾಡಿ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಹಸಿ ಕಡಲೆ, ಬಟಾಣಿ, ತೊಗರಿಕಾಳು, ಮೆಂತ್ಯ, ಸಿಕ್ಕ ಸೊಪ್ಪು ತರಕಾರಿಯೆಲ್ಲ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಜೋಳದ ಅಂಬಲಿ. ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಜಾತಿ ಕೇಳದೆ ಕೈಹಿಡಿದು ಕರೆದು ಉಣಿಸಬೇಕು. ಒಂದು ಹೊಲದಲ್ಲಿ ಉಂಡವರನ್ನು ಮುಂದಿನ ಹೊಲದವರೂ ಬಿಡುವುದಿಲ್ಲ. ಆ ದಿನ ಶಾಲೆಗೆ ಬಾರದ ಮಕ್ಕಳಿಗೆ ನಾನು ಗೈರುಹಾಜರಿ ಹಾಕುತ್ತಿರಲಿಲ್ಲ. ಹಾಕುವುದು ಹೇಗೆ, ನಾನೇ ಅಪ್ಪನ ಹೊಲದಲ್ಲಿ ಇರುತ್ತಿದ್ದೆ! ಮಗು ಶಾಲೆಯಲ್ಲಿ ಕಲಿಯದ್ದನ್ನು ಅಲ್ಲಿ ಕಲಿಯುತ್ತದೆ ಎಂದು ನನ್ನ ಮಗಳಿಗೂ ಹೇಳುತ್ತಿದ್ದೆ. ಶ್ರಾವಣದಲ್ಲಿ ತಾಂಡಾದಲ್ಲಿ ತೀಜ್ ನಡೆದಾಗ ಒಂಬತ್ತು ದಿನ ಹೆಣ್ಣುಮಕ್ಕಳು ಅರೆಬರೆ ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ. ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು ಬರೆಯುತ್ತಿದ್ದೆ. ನಮ್ಮ ಹಬ್ಬ ಸಂಸ್ಕಾರ, ಅವರ ಹಬ್ಬ ಗೈರುಹಾಜರಿ. ಹೀಗೆ ಬಾಯಿಬಿಟ್ಟು ಎಂದೂ ಹೇಳಿದವಳಲ್ಲ. ಹಾಜರಿ ಪುಸ್ತಕ ಮಾತ್ರ ಹಾಗೇ ಹೇಳುತ್ತಿತ್ತು.

2003ರಲ್ಲಿ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬರೆಯುವುದಿಲ್ಲ. ತರಗತಿಯಲ್ಲಿ ಮಾತೇ ಆಡುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ಪಾಟಿಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. ಬುದ್ಧಿ ಮಂದ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಆಕೆಗೆ ಮನೆಯಲ್ಲಿ ಗೋರ್ ಬೋಲಿ, ಕಬ್ಬಿನ ಗದ್ದೆಯಲ್ಲಿ ಮರಾಠಿ, ಕಲ್ಯಾಣದ ಬಜಾರದಲ್ಲಿ ದಖನಿ, ನಮ್ಮೂರ ಕಿರಾಣಿ ಅಂಗಡಿಯಲ್ಲಿ ಕನ್ನಡ, ಹೀಗೆ ನಾಲ್ಕು ಮಾತು ಬರುತ್ತವೆಂದು ಆಮೇಲೆ ತಿಳಿಯಿತು. ನಾಲ್ಕು ಮಾತು ಬರುವ ಹುಡುಗಿ ನನ್ನೆದುರಿಗೆ ಮಾತ್ರ ಮೂಕಿಯಾಗಿದ್ದಳು. ಯಾವ ಮಾತು ಬಾಯಿಂದ ಬಂದರೆ ಹೆಸರು ಚೌಕಕ್ಕೆ ಹೋದೀತೋ ಎಂದು ತೂಗಿ ನೋಡುವುದರಲ್ಲೇ ಆಕೆಯ ಸಮಯ ಮುಗಿದುಹೋಗುತ್ತಿತ್ತು.

ಆ ಶ್ರಾವಣದಲ್ಲಿ ಹತ್ತು ದಿನ ಆಕೆ ಬರಲಿಲ್ಲ. ಹನ್ನೊಂದನೇ ದಿನ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದರು. ಎಲ್ಲರಿಗಿಂತ ಮೊದಲು ನನ್ನ ಮೇಜಿನ ಹತ್ತಿರ ಬಂದು ಬೊಗಸೆ ಮುಂದೆ ಚಾಚಿದಳು. ಅದರಲ್ಲಿ ಗೇಣುದ್ದದ ಗೋಧಿ ಸಸಿಗಳು, ನೆರಳಲ್ಲಿ ಬೆಳೆದವು, ಬೆಣ್ಣೆಯಂಥ ತಿಳಿಹಳದಿ. ಬೇರಿನಲ್ಲಿ ಇನ್ನೂ ಮಣ್ಣಿತ್ತು.

ಆ ವಾರ ಶಾಲೆಗೆ ತಪಾಸಣೆಯವರು ಬರುವವರಿದ್ದರು. ಮೇಜಿನ ಮೇಲೆ ದಾಖಲೆಗಳನ್ನು ಹರಡಿಕೊಂಡಿದ್ದೆ. ಅವುಗಳ ಮೇಲೆ ಮಣ್ಣು ಉದುರಿತು.

“ಹತ್ತ್ ದಿನ ಎಲ್ಲಿ ಹೋಗಿದ್ದಿ?” ಎಂದೆ.

“ಯಾಡಿ...” ಎಂದಳು. ಅವರ ಮಾತಿನಲ್ಲಿ ಅವ್ವ. ಅಷ್ಟಕ್ಕೇ ನಿಲ್ಲಿಸಿ ಹಿಂದಕ್ಕೆ ನೋಡಿದಳು. ಮಾನಿಟರ್ ಆಗಲೇ ಎದ್ದು ಕರಿಹಲಗೆಯ ಕಡೆ ಹೊರಟಿದ್ದ.

“ಈ ಹುಲ್ಲು ತರ್ಲಿಕ್ಕಿ ಹೋಗಿದ್ಯಾ? ಹೊರಗ ಒಗೆದು ಬಾ. ಕೈ ತೊಳ್ಕೊಂಡು ಒಳಗ ಬಾ.”

ಆಕೆ ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಸಂಜೆ ಅಂಗಳ ಗುಡಿಸಿ ಹೋದಳು. ನನಗೆ ಅದು ಉಳಿದ ದಿನಗಳಂಥದೇ ಒಂದು ದಿನ. ಅಂದು ರಾತ್ರಿ ನಿದ್ದೆಯೂ ಚೆನ್ನಾಗಿ ಬಂದಿರಬೇಕು.

ದೀಪಾವಳಿಯ ಮರುದಿನ ಮುಕಡಮನ ಲಾರಿ ತಾಂಡಾಕ್ಕೆ ಬಂತು. ಮಹಾರಾಷ್ಟ್ರದ ಕಬ್ಬು ಕಡಿಯಲು ಗುಳೆ ಹೋಗುವವರ ಲೆಕ್ಕ ಬೇರೆಯೇ. ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’, ಒಂದು ಕುಡುಗೋಲು. ಮುಂಗಡದ ಹಣಕ್ಕೆ ‘ಉಚಲ್’ ಅನ್ನುತ್ತಾರೆ. ಅದನ್ನು ಮಳೆಗಾಲದಲ್ಲೇ ತಂದು ತಿಂದಿರುತ್ತಾರೆ, ಆರು ತಿಂಗಳು ಕಡಿದು ತೀರಿಸಬೇಕು. ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ದೊಡ್ಡ ಮಗಳು ಜೊತೆಗೆ ಹೋಗಬೇಕು. ಆಕೆ ಹೋದಳು. ಹಾಜರಿ ಪುಸ್ತಕದಲ್ಲಿ ‘ವಲಸೆ’ ಎಂದು ಬರೆದೆ. ಆ ಪುಸ್ತಕದಲ್ಲಿ ಆಕೆಯ ಬಗ್ಗೆ ನಾನು ಬರೆದ ಕೊನೆಯ ಶಬ್ದ ಅದೇ ಆಯಿತು. ಮುಂದಿನ ವರ್ಷ ಅವರು ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋದರು, ಮತ್ತೆ ನಮ್ಮ ಶಾಲೆಗೆ ಆಕೆ ಬರಲಿಲ್ಲ.

2003ರ ಆ ನವೆಂಬರ್ 1ಕ್ಕೆ ನನ್ನ ಅಪ್ಪನನ್ನು ರಾಜ್ಯೋತ್ಸವಕ್ಕೆ ಕರೆದಿದ್ದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು, ಹಳೆಯದನ್ನು ಮಕ್ಕಳಿಗೆ ಹೇಳಲಿ ಎಂಬ ಆಸೆ. ಅಪ್ಪ ಹೆಚ್ಚು ಮಾತಾಡುವವರಲ್ಲ, ನಾಲ್ಕು ಮಾತು ಹೇಳಿ ಕೂತರು. ನಾನು ಪಟ್ಟದ್ದೇವರ ಕತೆ ಹೇಳಿದೆ, ಚಪ್ಪಾಳೆ ಬಿತ್ತು, ಬೂಂದಿ ಹಂಚಿದೆವು. ಅಪ್ಪ ನೀರು ಕುಡಿಯಲು ನನ್ನ ತರಗತಿಗೆ ಬಂದರು. ಕರಿಹಲಗೆಯಲ್ಲಿ ಹಿಂದಿನ ದಿನದ ಚೌಕ ಹಾಗೇ ಇತ್ತು, ಒಳಗೆ ಮೂರು ಹೆಸರು. ಹೊರಗೆ ಮೂವರು ಮಕ್ಕಳು ಬೂಂದಿಯ ಕಾಗದ ಗುಡಿಸುತ್ತಿದ್ದರು.

“ಇವು ಯಾರ ಹೆಸರವ್ವ?” ಎಂದರು. ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಅಳುಕು ಇರಲಿಲ್ಲ. ಶಿಸ್ತಿನ ಟೀಚರ್ ಎಂದು ಅಪ್ಪ ಮೆಚ್ಚಿಕೊಂಡಾರೆಂದೇ ಇದ್ದೆ. ಅವರು ಲೋಟ ಕೆಳಗಿಟ್ಟು ಹೊರಗೆ ಹೋದರು. ಗೋಡೆಗೆ ಒರಗಿಸಿದ್ದ ಒಂದು ಕಸಬರಿಗೆ ತೆಗೆದುಕೊಂಡು, ಧೋತರದ ತುದಿ ಸೊಂಟಕ್ಕೆ ಸಿಕ್ಕಿಸಿ, ಆ ಮೂವರ ಸಾಲಿನಲ್ಲಿ ಬಗ್ಗಿ ಗುಡಿಸತೊಡಗಿದರು. ಮಕ್ಕಳು ಹೆದರಿ ನಿಂತುಬಿಟ್ಟರು.

“ಯಾಕ ನಿಂತ್ರಿ? ನಡೀರಿ. ನಂದೂ ಇದೇ ತಪ್ಪದ,” ಎಂದರು ಅಪ್ಪ.

ಅಂಗಳ ಪೂರ್ತಿ ಆಗುವ ತನಕ ಅವರು ನೆಟ್ಟಗೆ ನಿಲ್ಲಲಿಲ್ಲ. ಉಳಿದ ಟೀಚರುಗಳು ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹೋಗಿ ಕೈಯಿಂದ ಕಸಬರಿಗೆ ತೆಗೆದುಕೊಳ್ಳಬೇಕಿತ್ತು, ಕಾಲು ಏಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ, ಐವತ್ತಕ್ಕೂ ಹೆಚ್ಚು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. ಚಿಕ್ಕವರಿದ್ದಾಗ ಉರ್ದು ತರಗತಿಯಲ್ಲಿ ಬಾಯಿತಪ್ಪಿ ಕನ್ನಡ ಆಡಿದ್ದಕ್ಕೆ ಅವರನ್ನು ಮುರ್ಗಾ ಮಾಡಿ, ಮೊಣಕಾಲ ಕೆಳಗಿಂದ ಕೈ ತಂದು ಕಿವಿ ಹಿಡಿಸಿ, ಇಡೀ ಮಧ್ಯಾಹ್ನ ನಿಲ್ಲಿಸಿದ್ದರಂತೆ. ಬೆನ್ನು ನೊಂದದ್ದು ಎರಡು ದಿನಕ್ಕೆ ಮರೆತು ಹೋಯಿತಂತೆ. ಮನೆಗೆ ಹೋದಾಗ ತಮ್ಮ ಅವ್ವ ಕನ್ನಡದಲ್ಲಿ ಊಟಕ್ಕೆ ಕರೆದರೆ ಮೊದಲ ಬಾರಿಗೆ ಅವಳ ಮೇಲೆ ಸಿಟ್ಟು ಬಂತಂತೆ. “ಅದು ಮರತಿಲ್ಲ ನೋಡವ್ವ,” ಎಂದರು. ಆಮೇಲೆ ಕೈ ತೊಳೆದು ಎದ್ದರು. ನನಗೆ ಬೈಯಲಿಲ್ಲ. ಮರುದಿನದಿಂದ ನಾನು ಚೌಕ ಎಳೆಯಲಿಲ್ಲ.

ಇಷ್ಟಕ್ಕೆ ನಾನು ತಿದ್ದಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೌಕ ಅಳಿಸುವುದು ಸುಲಭ. ಆಮೇಲೆ ನಾನು ಮಾಡಿದ್ದು ಒಳ್ಳೆಯ ಮನಸ್ಸಿನಿಂದ ಮಾಡಿದ ಇನ್ನೊಂದು ತಪ್ಪು. ಅದನ್ನು ಜನ ಮೆಚ್ಚಿಯೂ ಬಿಟ್ಟರು. ಮೆಚ್ಚಿಗೆ ಸಿಕ್ಕ ತಪ್ಪು ತಿಳಿಯಲು ಹೆಚ್ಚು ದಿನ ಬೇಕು.

2004ರ ಪ್ರತಿಭಾ ಕಾರಂಜಿಗೆ ಜನಪದ ನೃತ್ಯ ಇಡಬೇಕಿತ್ತು. ತಾಂಡಾದ ಸಂಸ್ಕೃತಿಯನ್ನೇ ತೋರಿಸೋಣ, ಮಕ್ಕಳಿಗೆ ಹೆಮ್ಮೆ ಬರಲಿ ಎಂದುಕೊಂಡೆ. ಹುಮನಾಬಾದದಿಂದ ಕನ್ನಡಿ ಹೊಲಿದ ಲಂಗ, ಕುಪ್ಪಸ, ಓಢಣಿ, ಬಿಳಿ ಬಳೆಗಳ ಸಾಲು, ಕಪಾಲದ ಮೇಲೆ ಜೋತಾಡುವ ಜುಮುಕಿ ಬಾಡಿಗೆಗೆ ತಂದೆ. ಕ್ಯಾಸೆಟ್ ಹಾಡಿಗೆ ಹೆಜ್ಜೆ ಕಲಿಸಿದೆ. ಎಂಟು ಹುಡುಗಿಯರಲ್ಲಿ ಐವರು ಊರಿನವರು, ಏಕೆಂದರೆ ಅವರು ತಾಲೀಮಿಗೆ ತಪ್ಪದೆ ಬರುತ್ತಿದ್ದರು. ಮೊದಲ ಬಹುಮಾನ ಬಂತು. ಬಹುಮಾನ ಬಂದ ನೃತ್ಯವನ್ನು ಊರಿನ ಮುಂದೆ ಇನ್ನೊಮ್ಮೆ ಮಾಡಿಸಿದೆವು. ತಾಂಡಾದಿಂದ ಐದಾರು ಹೆಂಗಸರು ಬಂದು ಹಿಂದೆ ನಿಂತಿದ್ದರು.

ನೃತ್ಯ ಮುಗಿದ ಮೇಲೆ ಅವರಲ್ಲಿ ಒಬ್ಬ ಮುದುಕಿ ಮುಂದೆ ಬಂದಳು. ಯಾರೊಡನೆಯೂ ಮಾತಾಡದೆ ಒಬ್ಬ ತಾಂಡಾ ಹುಡುಗಿಯನ್ನು ಹತ್ತಿರ ಎಳೆದುಕೊಂಡು, ಮೊಣಕೈ ಮೇಲಿನ ಬಳೆಗಳನ್ನು ಒಂದೊಂದಾಗಿ ತೆಗೆದಳು. ಆಮೇಲೆ ಕಪಾಲದ ಜುಮುಕಿ ಬಿಚ್ಚಿದಳು. ಎಲ್ಲವನ್ನೂ ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

“ಇವು ಮದಿವಿ ಆದ ಮ್ಯಾಲ ಹಾಕ್ಕೋತಾರ್ರಿ ಬಾಯೋರೆ. ಸಣ್ಣ ಹುಡಿಗೇರು ಹಾಕ್ಕೋಬಾರದು.”

ಮೊಣಕೈ ಮೇಲಿನ ಬಳೆಗೆ ಚೂಡೋ, ಕಪಾಲದ ಜುಮುಕಿಗೆ ಘುಗ್ರಿ. ಎರಡೂ ಮುತ್ತೈದೆಯ ಗುರುತು, ನಮ್ಮಲ್ಲಿ ತಾಳಿ ಕಾಲುಂಗುರ ಇದ್ದಂತೆ. ಹತ್ತು ವರ್ಷದ ನಮ್ಮೂರ ಹುಡುಗಿಗೆ ಯಾರಾದರೂ ತಾಳಿ ಕಟ್ಟಿ ವೇದಿಕೆ ಮೇಲೆ ಕುಣಿಸಿದ್ದರೆ ನಾನು ಸುಮ್ಮನೆ ಇರುತ್ತಿದ್ದೆನೆ? ತಾಂಡಾ ಶಾಲೆಯಿಂದ ಒಂದು ಹರದಾರಿಯೂ ಇಲ್ಲ. ಅಲ್ಲಿಗೆ ಹೋಗಿ ಕೇಳುವ ಬದಲು ಬಟ್ಟೆ ತರಲು ಹುಮನಾಬಾದದ ಬಸ್ಸು ಹತ್ತಿದ್ದೆ. ಒಂದು ಸಮುದಾಯದ ಬದುಕನ್ನು ಮಕ್ಕಳಿಗೆ ತೋರಿಸುತ್ತೇವೆ ಎಂದು ಹೊರಟವರು ಆ ಸಮುದಾಯದ ಒಬ್ಬರನ್ನೂ ಕೇಳದೆ ವೇಷ ಮಾತ್ರ ತಂದರೆ, ಆ ವೇಷ ಎಷ್ಟು ಮಿಂಚಿದರೂ ಅದು ಅವರಿಗೆ ಮಾಡಿದ ಅವಮಾನವೇ. ಇದರಲ್ಲಿ ನನಗೆ ಈಗ ಎರಡು ಮಾತಿಲ್ಲ.

ಮುಂದಿನ ಭಾನುವಾರ ತಾಂಡಾಕ್ಕೆ ಹೋದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ, ಜನಗಣತಿಯ ಫಾರಂ ಹಿಡಿಯದೆ. ಆ ಮುದುಕಿಯ ಮನೆ ಕೇಳಿಕೊಂಡು ಹೋಗಿ ತಪ್ಪಾಯಿತು ಎಂದೆ. ಆಕೆ ಚಾಪೆ ಹಾಸಿ, ನೀರು ಕೊಟ್ಟು, ಚಹಾಕ್ಕೆ ಇಟ್ಟಳು. ಗೋಡೆಯ ಗೂಡಿನಲ್ಲಿ ಒಂದು ಪಾಟಿ ಇತ್ತು. ಅದರ ಅಂಚು ಒಂದು ಕಡೆ ತಿಕ್ಕಿ ಸವೆದಿತ್ತು. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ನೋಡಿ, “ನಮ್ಮ ಮೊಮ್ಮಗಳದ್ರಿ, ನಿಮ್ಮ ಸಾಲಿದೇ,” ಎಂದಳು. ಅಪ್ಪ ಅವ್ವ ದುಡಿಯಲು ಹೋದ ಮೇಲೆ ಮುದುಕರು ತಾಂಡಾದಲ್ಲಿ ಉಳಿಯುತ್ತಾರೆ. ಹೊರಡುವ ಹಿಂದಿನ ರಾತ್ರಿ, ದೀಪಾವಳಿಯ ಅಮಾಸಿಗೆ, ಉಳಿದ ಹುಡುಗಿಯರ ಜೊತೆ ಮೊಮ್ಮಗಳು ಕೈಯಲ್ಲಿ ಹಣತೆ ಹಿಡಿದು ಮನೆಮನೆಗೂ ಹೋಗಿ ‘ಮೇರಾ’ ಹಾಡಿದ್ದಳಂತೆ. ಅದು ಪ್ರತಿ ಮನೆಗೂ ಒಳ್ಳೆಯದು ಕೋರುವ ಹಾಡು, ಮನೆಯ ಯಾರನ್ನೂ ಬಿಡಬಾರದು. ಹೀಗೆ ಹೇಳುತ್ತ ಹೇಳುತ್ತ ಆಕೆ ನಕ್ಕು ಅಂದಳು:

“ಆಕಿ ನಿಮಗ ತೀಜ್ ಕೊಟ್ಟಿದ್ಳಲ್ರಿ. ಎಲ್ಲಾರಿಗಿ ಹಂಚಿದ ಮ್ಯಾಲ ನಮ್ಮ ಟೀಚರಿಗಂತ ಬ್ಯಾರೆ ತೆಗೆದು ಒದ್ದಿ ಅರಿಬ್ಯಾಗ ಸುತ್ತಿ ಇಟ್ಟಿದ್ಳು. ನೀವು ಪುಸ್ತಕದಾಗ ಇಟ್ಕೊಂಡೀರಂತ. ಮನಿಗಿ ಬಂದು ಅದನ್ನೇ ಹೇಳ್ಲತ್ತಿದ್ಳು.”

ಚಹಾದ ಕಪ್ಪು ಕೈಯಲ್ಲಿತ್ತು. ಕೆಳಗಿಡಲೂ ಆಗಲಿಲ್ಲ, ಕುಡಿಯಲೂ ಆಗಲಿಲ್ಲ. ಹತ್ತು ವರ್ಷದ ಹುಡುಗಿ ತನ್ನ ಟೀಚರಿನ ಮಾನ ಉಳಿಸಲು ಮನೆಯಲ್ಲಿ ಸುಳ್ಳು ಹೇಳಿದ್ದಳು. “ಇಟ್ಕೊಂಡಿಲ್ಲ ಆಯಿ, ಒಗಿ ಅಂತ ಹೇಳಿದೆ” ಎಂದು ಅಲ್ಲೇ ಆಗಲೇ ಹೇಳಬೇಕಿತ್ತು. ನಾನು ತಲೆ ಆಡಿಸಿದೆ.

2005ರ ಶ್ರಾವಣದಲ್ಲಿ ಆ ಮುದುಕಿ, ಆಯಿ, ತೀಜಿಗೆ ಕರೆದಳು, ಶಾಲೆ ಬಿಟ್ಟ ಮೇಲೆ ದಿನವೂ ಹೋಗಿ ಕೂತೆ. ಮದುವೆಯಾಗದ ಹುಡುಗಿಯರು ಮೊದಲು ಒಟ್ಟಾಗಿ ಹೋಗಿ ತಾಂಡಾದ ನಾಯಕನ ಅಪ್ಪಣೆ ಕೇಳುತ್ತಾರೆ. ಹುಡುಗಿಯರು ಕೇಳಬೇಕು, ನಾಯಕ ಹೂಂ ಅನ್ನಬೇಕು, ಆಮೇಲೇ ಬಿತ್ತನೆ. ಬುಟ್ಟಿಗಳಿಗೆ ಮಣ್ಣು ಗೊಬ್ಬರ ತುಂಬಿ ನೆನೆಸಿದ ಗೋಧಿ ಹಾಕಿ ಎತ್ತರದ ಮಂಚಿಗೆಯ ಮೇಲೆ ಸಾಲಾಗಿ ಇಡುತ್ತಾರೆ. ದಿನವೂ ಹಾಡು ಹೇಳುತ್ತ ಕೊಡ ಹೊತ್ತು ತಂದು ನೀರು ಹನಿಸುತ್ತಾರೆ. ಉಪ್ಪಿಲ್ಲದ ಊಟ, ರೊಟ್ಟಿ ಬೆಲ್ಲ ಕಲಸಿದ ಚೂರ್ಮೊ. ನನ್ನ ಕಣ್ಣಿಗೆ ಬಿದ್ದದ್ದು ನೀರು ಹಾಕುವ ರೀತಿ. ಯಾವ ಹುಡುಗಿಯೂ ತನ್ನ ಬುಟ್ಟಿಗಷ್ಟೇ ಹಾಕಿ ಕೊಡ ಇಳಿಸುವುದಿಲ್ಲ. ಸಾಲಿನ ತುದಿಯಿಂದ ತುದಿಗೆ ಹೋಗುತ್ತಾಳೆ. ಒಂದು ಬುಟ್ಟಿ ಹಿಂದೆ ಬಿದ್ದಿದ್ದರೆ ಅದರ ಸುತ್ತ ಎಲ್ಲರೂ ಕೂತು ನೋಡುತ್ತಾರೆ, ಮಣ್ಣು ಕೆದಕುತ್ತಾರೆ, ದೊಡ್ಡವರನ್ನು ಕರೆಯುತ್ತಾರೆ. ಒಂಬತ್ತನೇ ದಿನ ಸಸಿಗಳನ್ನು ಕಿತ್ತು ಅಣ್ಣ ತಮ್ಮಂದಿರಿಗೆ, ಹಿರಿಯರಿಗೆ ಹಂಚುತ್ತಾರೆ, ಗಂಡಸರು ಅದನ್ನು ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಉಳಿದದ್ದನ್ನು ಅಳುತ್ತ ಹಾಡುತ್ತ ಹಳ್ಳಕ್ಕೆ ಬಿಡುತ್ತಾರೆ. ಇವತ್ತು ನೀರು ಹಾಕಿದ ಹುಡುಗಿ ನಾಳೆ ಮದುವೆಯಾಗಿ ಬೇರೆ ತಾಂಡಾಕ್ಕೆ ಹೋಗುವವಳು, ಆ ಅಳು ಅದಕ್ಕೆ.

ಆಗ ನನ್ನ ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಮೌಲ್ಯ ಶಿಕ್ಷಣದ ಅವಧಿ ಇತ್ತು. ಹಂಚಿ ತಿ‌ನ್ನುವುದು, ಹಿರಿಯರ ಮಾತು ಕೇಳುವುದು, ಹಿಂದೆ ಬಿದ್ದವರ ಕೈ ಹಿಡಿಯುವುದು. ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿ ಅಂಕ ಕೊಡುತ್ತಿದ್ದೆ. ಅದನ್ನೆಲ್ಲ ಒಂಬತ್ತು ದಿನ ಮಾಡಿ ಬಂದ ಹುಡುಗಿಗೆ ಗೈರು ಹಾಕಿ, ಕೈ ತೊಳೆದುಕೊಂಡು ಬಾ ಎಂದಿದ್ದೆ.

ಆಮೇಲೆ ತರಗತಿಯಲ್ಲಿ ಆದದ್ದನ್ನು ಹೆಚ್ಚು ಬರೆಯುವುದಿಲ್ಲ, ಅದು ದೊಡ್ಡ ಸಾಧನೆಯೇನಲ್ಲ. ಗೋಡೆಯ ಮೇಲೆ ಮಕ್ಕಳ ಕೈಯಿಂದಲೇ ಎರಡೆರಡು ಶಬ್ದ ಬರೆಸಿದೆ: ಅವ್ವ ಯಾಡಿ, ನೀರು ಪಾಣಿ, ರೊಟ್ಟಿ ಬಾಟಿ, ಮನೆ ಘರ, ಗಿಡ ಝಾಡ, ಹುಡುಗಿ ಛೋರಿ. ಗೋರ್ ಬೋಲಿಗೆ ತನ್ನದೇ ಲಿಪಿಯಿಲ್ಲ. ಕನ್ನಡ ಅಕ್ಷರದಲ್ಲಿ ಬರೆದಾಗ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಘ, ಛ, ಝ, ಭ ಹೇಳಲು ನಮ್ಮೂರ ಮಕ್ಕಳು ಯಾವಾಗಲೂ ತಿಣುಕುತ್ತಾರೆ, ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ತಾಂಡಾದ ಮಕ್ಕಳ ನಾಲಿಗೆಯ ಮೇಲೆ ಅವು ಹುಟ್ಟಿನಿಂದ ಇವೆ. ಘರ ಎನ್ನುವಾಗ ಉಸಿರು ತಾನಾಗಿ ಬರುತ್ತದೆ. ಅಂದಿನಿಂದ ಮಹಾಪ್ರಾಣದ ಪಾಠ ಬಂದಾಗ ಕರಿಹಲಗೆಯ ಮುಂದೆ ನಿಂತು ಹೇಳಿಕೊಡುವವರು ತಾಂಡಾದ ಮಕ್ಕಳಾದರು, ಊರಿನ ಮಕ್ಕಳು ಅವರ ಬಾಯಿ ನೋಡಿ ಕಲಿತರು. ಹನ್ನೊಂದು ವರ್ಷ ಯಾವ ಮಾತನ್ನು ಚೌಕದೊಳಗೆ ಇಟ್ಟಿದ್ದೆನೋ, ಕನ್ನಡ ಕಲಿಸಲು ಅದೇ ನೆರವಿಗೆ ಬಂತು. ಆಯಿ ತಿಂಗಳಿಗೊಮ್ಮೆ ಶಾಲೆಗೆ ಬಂದು ಹೊಲಿಗೆ ಹಾಕುತ್ತ ಕತೆ ಹೇಳುತ್ತಿದ್ದಳು. ಅರ್ಥವಾಗದಿದ್ದರೆ ಊರಿನ ಮಕ್ಕಳು ತಾಂಡಾದವರನ್ನು ಕೇಳಬೇಕಿತ್ತು. ತೀಜಿಗೆ ಗೈರು ಹಾಕುವುದನ್ನು ಬಿಟ್ಟೆ.

ಸಂವಿಧಾನದ 350ಎ ವಿಧಿಯನ್ನು ಓದಿದ್ದು ಆ ನಂತರವೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಲು ಪ್ರಯತ್ನಿಸಬೇಕು ಎನ್ನುತ್ತದೆ ಅದು. ಏಳನೇ ತಿದ್ದುಪಡಿಯ ಮೂಲಕ ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು, ನಮ್ಮ ಬೀದರ ಕನ್ನಡ ನಾಡಿಗೆ ಸೇರಿದ ದಿನವೇ. ಎರಡನ್ನೂ ಒಂದೇ ದಿನ ಕೊಟ್ಟಿದ್ದರು. ಒಂದಕ್ಕೆ ನಾನು ಪ್ರತಿ ವರ್ಷ ಧ್ವಜ ಏರಿಸಿದೆ, ಇನ್ನೊಂದರ ಹೆಸರೂ ಕೇಳಿರಲಿಲ್ಲ. 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೃಭಾಷೆ ಲಂಬಾಣಿ ಎಂದು ಬರೆಸಿದ್ದಾರೆ. ಆದರೆ ಅಲ್ಲಿ ಅದು ಸ್ವತಂತ್ರ ಭಾಷೆಯಲ್ಲ, ಹಿಂದಿಯ ಲೆಕ್ಕದೊಳಗೆ ಸೇರಿಹೋಗಿದೆ. ಅದೂ ಒಂದು ಚೌಕವೇ ಅನ್ನಿಸುತ್ತದೆ ನನಗೆ.

ಅಪ್ಪ 2008ರಲ್ಲಿ ಹೋದರು. ಆಯಿ 2011ರ ಬೇಸಿಗೆಯಲ್ಲಿ ಹೋದಳು. ಆರು ವರ್ಷ ಆಕೆಯ ಚಾಪೆಯ ಮೇಲೆ ಕೂತೆ, ಆಕೆ ಕಲಸಿದ ಚೂರ್ಮೊ ತಿಂದೆ, ಆ ಗೋಧಿ ಸಸಿಯ ವಿಷಯ ಹೇಳಲಿಲ್ಲ. ಆಕೆಯ ಮನೆಗೆ ಹೋದ ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದೇ ಹೊರಡುತ್ತಿದ್ದೆ. ಆಕೆ ಬೇರೆ ಹೆಂಗಸರಿಗೆ ನನ್ನನ್ನು ತೋರಿಸಿ, ನಮ್ಮ ಮೊಮ್ಮಗಳ ತೀಜ್ ಇಟ್ಕೊಂಡ ಬಾಯೋರು ಎಂದು ಪರಿಚಯಿಸುತ್ತಿದ್ದಳು. ಆಗ ನಾಲಿಗೆ ಒಣಗುತ್ತಿತ್ತು. ಇಲ್ಲಿ ಬರೆಯುತ್ತಿರುವುದೇ ಮೊದಲು.

ನಿವೃತ್ತಿಯಾದ ಮೇಲೂ ತೀಜಿಗೆ ಹೋಗುತ್ತೇನೆ. ಹೋದ ಶ್ರಾವಣದಲ್ಲಿ ಆ ಹುಡುಗಿಯ ಕಾಕಾ ಸಿಕ್ಕಿದ್ದ. ಆಕೆ ಪುಣೆಯಲ್ಲೇ ಇದ್ದಾಳೆ, ಎರಡು ಮಕ್ಕಳು, ಚೆನ್ನಾಗಿ ಓದುತ್ತಾರೆ ಎಂದ. ಮಕ್ಕಳು ಯಾವ ಮಾತು ಆಡುತ್ತಾರೆ ಎಂದು ಕೇಳಿದೆ.

“ಮರಾಠಿ ಆಡ್ತಾವ್ರಿ, ಹಿಂದಿ ಆಡ್ತಾವ.”

“ಮನ್ಯಾಗ?”

“ಮನ್ಯಾಗೂ ಅದೇ, ಬಾಯೋರೆ. ನಮ್ಮ ಮಾತು ಬ್ಯಾಡ, ಮಕ್ಕಳಿಗಿ ಸಾಲ್ಯಾಗ ತ್ರಾಸ ಆಗ್ತದ ಅಂತಾಳ್ರಿ ಆಕಿ.”